ಹೊಲಶೊವಿತ್ಸೆ ಎಂಬ ಜೆಕ್ ಹಳ್ಳಿ: ನೆಲದ ನಕ್ಷೆಯಿಂದ ಗೋಡೆಯ ಗಾರೆಯವರೆಗೆ

ಹೊಲಶೊವಿತ್ಸೆಯ ಹಲವು ಮನೆಗಳ ಮುಂಗೋಡೆಯ ಮೇಲೆ, ಸೂರಿನ ತುದಿಗೆ ಸಮೀಪ, ಗಾರೆಯಲ್ಲಿ ಇಸವಿ ಬರೆದಿರುತ್ತದೆ. ಅವುಗಳಲ್ಲಿ ಹೆಚ್ಚಿನವು 19ನೇ ಶತಮಾನದವು. ಈ ಮನೆಗಳು ನಿಂತಿರುವ ನಿವೇಶನಗಳ ಸಾಲು, ನಡುವಿನ ಬಯಲು, ಹಿಂದಿನ ಹೊಲದ ಪಟ್ಟಿಗಳು ಮಾತ್ರ ಮಧ್ಯಯುಗದವು. ಮನೆಗಳು ಬಿದ್ದವು, ಸುಟ್ಟವು, ಹೊಸದಾಗಿ ಎದ್ದವು. ಗಡಿಗಳು ಹಾಗೇ ಉಳಿದವು. ಈ ಹಳ್ಳಿ ಅರ್ಥವಾಗಬೇಕಾದರೆ ಮೊದಲು ನೆಲ ನೋಡಬೇಕು, ಆಮೇಲೆ ಗೋಡೆ ನೋಡಬೇಕು. ಹೆಚ್ಚಿನ ಪ್ರವಾಸಿಗರು ಬಣ್ಣದ ಗೋಡೆಯ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಹಾಗಾಗಿ ಅರ್ಧ ಹಳ್ಳಿ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಹೆಸರಿನ ವಿಷಯ ಮೊದಲು ಹೇಳಿಬಿಡಬೇಕು. ಜೆಕ್ ದೇಶದಲ್ಲಿ ಹೊಲಸೊವಿತ್ಸೆ ಎಂಬ ಇನ್ನೊಂದು ಊರಿದೆ. ಅದು ದೇಶದ ಈಶಾನ್ಯ ಮೂಲೆಯಲ್ಲಿ, ಓಪವಾ ಜಿಲ್ಲೆಯಲ್ಲಿದೆ. ಒಂದರಲ್ಲಿ ‘ಶ’, ಇನ್ನೊಂದರಲ್ಲಿ ‘ಸ’. ಜೆಕ್ ಬರವಣಿಗೆಯಲ್ಲಿ ಈ ವ್ಯತ್ಯಾಸ ಅಕ್ಷರದ ತಲೆಯ ಮೇಲಿನ ಒಂದು ಪುಟ್ಟ ಕೊಕ್ಕೆಯಷ್ಟೇ. ಫೋನಿನಲ್ಲಿ ಆ ಕೊಕ್ಕೆ ಬಿಟ್ಟು ಹುಡುಕಿದರೆ ನಕ್ಷೆ ದೇಶದ ಮತ್ತೊಂದು ತುದಿಗೆ ದಾರಿ ತೋರಿಸಬಹುದು. ನಾವು ಹೇಳುತ್ತಿರುವ ಊರು ಜೆಕ್ ದೇಶದ ಪಶ್ಚಿಮ ಭಾಗವಾದ ಬೊಹೀಮಿಯಾದ ದಕ್ಷಿಣದ್ದು, ಯಾಂಕೊವ್ ಎಂಬ ಗ್ರಾಮಾಡಳಿತಕ್ಕೆ ಸೇರಿದ್ದು. ಉತ್ತರ ಅಕ್ಷಾಂಶ 48.96, ಪೂರ್ವ ರೇಖಾಂಶ 14.25 ಎಂದು ಹಾಕಿದರೆ ನೇರ ಊರ ನಡುವಿನ ಬಯಲಿಗೇ ಬರುತ್ತೀರಿ.

ತಗ್ಗಿನ ಅಂಚು, ಬೆಟ್ಟದ ಬುಡ

ದಕ್ಷಿಣ ಬೊಹೀಮಿಯಾದ ದೊಡ್ಡ ಪಟ್ಟಣ ಚೆಸ್ಕೆ ಬುದ್ಯೆಯೊವಿತ್ಸೆ. ಹೊಲಶೊವಿತ್ಸೆ ಅಲ್ಲಿಂದ ಪಶ್ಚಿಮಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿದೆ. ಪಟ್ಟಣದ ಸುತ್ತಲಿನದು ಅಗಲವಾದ ತಗ್ಗು ಪ್ರದೇಶ. ಕೋಟ್ಯಂತರ ವರ್ಷಗಳ ಹಿಂದೆ ಸರೋವರಗಳು ತಂದು ತುಂಬಿದ ಮರಳು ಮತ್ತು ಜೇಡಿಮಣ್ಣು ಅದರ ತಳದಲ್ಲಿದೆ. ಜೇಡಿ ನೀರನ್ನು ಇಂಗಗೊಡುವುದಿಲ್ಲ. ಆದ್ದರಿಂದ ಇಲ್ಲಿನ ನೆಲ ಜೌಗು, ಮತ್ತು ಒಡ್ಡು ಹಾಕಿದಲ್ಲೆಲ್ಲ ಕೆರೆ ನಿಲ್ಲುತ್ತದೆ. ಮಧ್ಯಯುಗದ ಕೊನೆಯಿಂದ ಇಲ್ಲಿ ಮೀನು ಸಾಕಲೆಂದೇ ಕಟ್ಟಿದ ಕೆರೆಗಳು ಇಂದಿಗೂ ಇವೆ. ಈ ಸೀಮೆಗೆ ‘ಬ್ಲಾತಾ’ ಎಂದು ಹೆಸರು. ಜೌಗು ಎಂದೇ ಅದರ ಅರ್ಥ.

ಊರಿನ ದಕ್ಷಿಣಕ್ಕೆ ನೆಲ ಏರತೊಡಗಿ ಬ್ಲಾನ್ಸ್ಕಿ ಲೆಸ್ ಎಂಬ ಕಾಡುಬೆಟ್ಟಗಳ ಸಾಲು ಸೇರುತ್ತದೆ. ಗ್ರಾನ್ಯುಲೈಟ್ ಎಂಬ ಗಟ್ಟಿ ಶಿಲೆಯ ಈ ಬೆಟ್ಟಗಳಲ್ಲಿ ಎತ್ತರದ್ದು 1084 ಮೀಟರಿನ ಕ್ಲೆತ್. 1989ರಿಂದ ಇದು ಸಂರಕ್ಷಿತ ಪ್ರದೇಶ. ಹಳ್ಳಿ ಕೂತಿರುವುದು ಈ ಎರಡರ ನಡುವಿನ ಅಂಚಿನಲ್ಲಿ. ಕೆಳಗೆ ಜೌಗಿನ ಹುಲ್ಲುಗಾವಲು, ಇಟ್ಟಿಗೆಗೆ ಬೇಕಾದ ಜೇಡಿ, ಕೆರೆಯ ಮೀನು. ಮೇಲೆ ಕಟ್ಟಿಗೆ, ತೊಲೆ, ಅಡಿಪಾಯದ ಕಲ್ಲು. ನಡುವೆ ನೀರು ಬಸಿದುಹೋಗುವ, ಉಳುಮೆಗೆ ಹದವಾದ ನೆಲ. ತೀರ ಕೆಳಗೆ ಕಟ್ಟಿದ್ದರೆ ಗೋಡೆ ತೇವದಲ್ಲಿ ನೆನೆಯುತ್ತಿತ್ತು, ತೀರ ಮೇಲೆ ಕಟ್ಟಿದ್ದರೆ ರೈ ಮತ್ತು ಓಟ್ಸ್ ಬೆಳೆಯಲು ಮಣ್ಣು ಸಾಲುತ್ತಿರಲಿಲ್ಲ. ಜಾಗ ಆರಿಸಿದವರಿಗೆ ನೆಲದ ಗುಣ ಚೆನ್ನಾಗಿ ಗೊತ್ತಿತ್ತು.

ಮೊದಲು ಬಯಲು, ಆಮೇಲೆ ಊರು

ಹಳ್ಳಿಯ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು 1263ರಲ್ಲಿ. ಆ ಕಾಲವನ್ನು ಸ್ವಲ್ಪ ಗಮನಿಸಬೇಕು. ರಾಜ ಎರಡನೇ ಪ್ರೆಮಿಸ್ಲ್ ಒಟಕರ್ ಆಗ ದಕ್ಷಿಣ ಬೊಹೀಮಿಯಾದಲ್ಲಿ ತನ್ನ ಹಿಡಿತ ಗಟ್ಟಿಮಾಡಿಕೊಳ್ಳುತ್ತಿದ್ದ. ಚೆಸ್ಕೆ ಬುದ್ಯೆಯೊವಿತ್ಸೆ ಪಟ್ಟಣವನ್ನು ಅವನು ಸ್ಥಾಪಿಸಿದ್ದು 1265ರಲ್ಲಿ. ಆ ಪಟ್ಟಣದ ಚೌಕವನ್ನು ಹಗ್ಗ ಹಿಡಿದು ಅಳೆದಿದ್ದಾರೆ: ಒಂದೊಂದು ಬದಿಯೂ ಸುಮಾರು 133 ಮೀಟರ್. ನೆಲ ಅಳೆದು, ಸಮ ಪಾಲು ಮಾಡಿ, ಒಕ್ಕಲು ಕೂರಿಸುವ ಕೆಲಸ ಆಗ ಊರೂರಲ್ಲೂ ನಡೆದಿತ್ತು. ಹೊಲಶೊವಿತ್ಸೆಯ ಬಯಲೂ ಅಂಥ ಯೋಜನೆಯ ಲೆಕ್ಕದಲ್ಲೇ ಇದೆ. ಜೆಕ್ ಭಾಷೆಯಲ್ಲಿ ‘ನಾವೆಸ್’ ಎನ್ನುವ ಈ ಉದ್ದನೆಯ ಬಯಲು ಸುಮಾರು 210 ಮೀಟರ್ ಉದ್ದ, 70 ಮೀಟರ್ ಅಗಲ ಇದೆ. ಒಕ್ಕಲುಮನೆಗಳೆಲ್ಲ ಅದರ ಸುತ್ತ ಬಯಲಿಗೇ ಮುಖ ಮಾಡಿ ನಿಂತಿವೆ.

ಬಯಲಿನಲ್ಲಿ ಇರುವುದೆಲ್ಲ ಊರಿಗೆ ಸೇರಿದ್ದು. ಒಂದು ಪುಟ್ಟ ಕೆರೆ, 1755ರಲ್ಲಿ ಕಟ್ಟಿದ ಸಂತ ಯಾನ್ ನೆಪೊಮುಕ್‌ನ ಚಿಕ್ಕ ಪ್ರಾರ್ಥನಾ ಮಂದಿರ, ಒಂದು ಶಿಲುಬೆ, ಒಂದು ಕಮ್ಮಾರಸಾಲೆ. ಹುಲ್ಲಿನ ಸೂರುಗಳ ಕಾಲದಲ್ಲಿ ಕುಲುಮೆಯನ್ನು ಮನೆಗಳ ಸಾಲಿಗೆ ಸೇರಿಸುವ ಧೈರ್ಯ ಯಾರಿಗಿದ್ದೀತು! ಒಂದು ಕಿಡಿ ಹಾರಿದರೆ ಇಡೀ ಸಾಲು ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಕುಲುಮೆ ಬಯಲಿನ ನಡುವೆ ಒಂಟಿಯಾಗಿದೆ. ಬೆಂಕಿ ಬಿದ್ದರೆ ಬಕೆಟ್ಟಿಗೆ ಸಿಗುವಷ್ಟು ಹತ್ತಿರದಲ್ಲಿ ಕೆರೆಯೂ ಇದೆ. ಯಾನ್ ನೆಪೊಮುಕ್‌ನನ್ನು 1393ರಲ್ಲಿ ವ್ಲತವಾ ನದಿಗೆ ಎಸೆದು ಕೊಂದರು. 1729ರಲ್ಲಿ ಚರ್ಚು ಅವನನ್ನು ಸಂತನೆಂದು ಘೋಷಿಸಿತು. ಪ್ರವಾಹದಿಂದ ಕಾಯುವವನು ಎಂಬ ನಂಬಿಕೆಯಿಂದ ಬೊಹೀಮಿಯಾದ ಸೇತುವೆಗಳ ಮೇಲೆ, ಕೆರೆ ದಂಡೆಗಳಲ್ಲಿ ಅವನ ವಿಗ್ರಹಗಳು ಬಹಳ. ನೀರು ತುಂಬಿದ ಈ ತಗ್ಗಿನ ಸೀಮೆಯ ಊರೊಂದು ಅವನನ್ನೇ ಆರಿಸಿಕೊಂಡದ್ದು ಸಹಜವಾಗಿಯೇ ಇದೆ.

1292ರಲ್ಲಿ ರಾಜ ಎರಡನೇ ವೆನ್ಸೆಸ್ಲಾಸ್ ಹೊಲಶೊವಿತ್ಸೆಯನ್ನು ಇತರ ಕೆಲವು ಹಳ್ಳಿಗಳ ಜೊತೆಗೆ ವಿಶ್ಶೀ ಬ್ರೊದ್ ಎಂಬಲ್ಲಿನ, ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಗಡದ ಮಠಕ್ಕೆ ಉಂಬಳಿ ಕೊಟ್ಟ. ಆ ಮಠ 1259ರಲ್ಲಿ ಸ್ಥಾಪನೆಯಾದದ್ದು. ಮುಂದೆ 1848ರವರೆಗೆ, ಅಂದರೆ 550ಕ್ಕೂ ಹೆಚ್ಚು ವರ್ಷ, ಹಳ್ಳಿಗೆ ಇದೊಂದೇ ಒಡೆತನ. ಪಾಳೆಯಗಾರರ ನಡುವೆ ಕೈ ಬದಲಾಗುತ್ತಿದ್ದ ಊರುಗಳಲ್ಲಿ ಗಡಿಗಳು ಪದೇಪದೇ ಅಲುಗಾಡುತ್ತಿದ್ದವು. ಮಠಕ್ಕೆ ಮದುವೆ, ಬಳುವಳಿ, ಮಕ್ಕಳ ನಡುವಿನ ಹಿಸ್ಸೆ ಯಾವುದೂ ಇಲ್ಲ. ಅದಕ್ಕೆ ಬೇಕಾಗಿದ್ದದ್ದು ಲೆಕ್ಕಕ್ಕೆ ಸಿಗುವ ಒಕ್ಕಲು, ತಪ್ಪದೆ ಬರುವ ಧಾನ್ಯ.

ಇಬ್ಬರು ಉಳಿದ ಊರು

1520ರಿಂದ 1525ರ ನಡುವೆ ಪ್ಲೇಗು ಬಂತು. ಊರಿನಲ್ಲಿ ಬದುಕಿ ಉಳಿದವರು ಇಬ್ಬರೇ. ಸತ್ತವರನ್ನು ಹೂತದ್ದು ಊರಿನ ವಾಯವ್ಯ ಮೂಲೆಯಲ್ಲಿ. ಆ ಜಾಗದಲ್ಲಿ ಆಮೇಲೆ ನೆಟ್ಟ ಪ್ಲೇಗು ಕಂಬ ಈಗಲೂ ಇದೆ. ಬಣ್ಣದ ಮನೆಗಳಿಂದ ನಾಲ್ಕು ಹೆಜ್ಜೆ ಆಚೆಗಿರುವ ಈ ಕಂಬವನ್ನು ನೋಡದೆ ಹೋಗಬಾರದು.

ಪಾಳುಬಿದ್ದ ಊರನ್ನು ಮಠ ಬಿಡಲಿಲ್ಲ. ಬವೇರಿಯಾ ಮತ್ತು ಆಸ್ಟ್ರಿಯಾ ಕಡೆಯಿಂದ ಒಕ್ಕಲುಗಳನ್ನು ತಂದು ಕೂರಿಸಿತು. 1530ರ ಹೊತ್ತಿಗೆ ದಾಖಲೆಯಲ್ಲಿ 17 ಹೆಸರುಗಳಿವೆ. ಇಂಥ ಪಟ್ಟಿಗಳಲ್ಲಿ ಬರೆಯುತ್ತಿದ್ದದ್ದು ಒಕ್ಕಲಿನ ಯಜಮಾನನ ಹೆಸರನ್ನು. ಆದ್ದರಿಂದ ಇದನ್ನು 17 ಮನೆ ಎಂದು ಓದಿಕೊಳ್ಳುವುದು ಸರಿ. ಬಂದವರು ಹೊಸ ಊರು ಕಟ್ಟಲಿಲ್ಲ. ಸತ್ತವರ ನಿವೇಶನ, ಸತ್ತವರ ಹೊಲದ ಪಟ್ಟಿ ಹಿಡಿದು ಮುಂದುವರಿಸಿದರು. ಮಠದ ಲೆಕ್ಕಪುಸ್ತಕದಲ್ಲಿ ಹೆಸರು ಬದಲಾಯಿತು, ಆಸ್ತಿ ಬದಲಾಗಲಿಲ್ಲ. ಒಕ್ಕಲುಗಳ ಸಂಖ್ಯೆಯೂ 19ನೇ ಶತಮಾನದ ನಡುಭಾಗದವರೆಗೆ ಹೆಚ್ಚೇನೂ ಏರುಪೇರಾಗಲಿಲ್ಲ.

ಅದಕ್ಕೆ ಕಾರಣ ಉತ್ತರಾಧಿಕಾರದ ಪದ್ಧತಿ. ಬೊಹೀಮಿಯಾದ ಒಕ್ಕಲು ಜಮೀನನ್ನು ಮಕ್ಕಳು ಹಿಸ್ಸೆ ಮಾಡಿಕೊಳ್ಳುವಂತಿರಲಿಲ್ಲ. 1860ರ ದಶಕದವರೆಗೂ ಕಾನೂನು ಅದನ್ನು ತಡೆದಿತ್ತು. ಒಬ್ಬ ಮಗನಿಗೆ ಇಡೀ ಒಕ್ಕಲು, ಉಳಿದವರಿಗೆ ಹಣ ಅಥವಾ ಬೇರೆ ಊರು. ಇದರಿಂದ ಕುಟುಂಬಗಳಲ್ಲಿ ಎಷ್ಟು ಕಹಿ ಹುಟ್ಟಿತೋ. ನಕ್ಷೆಯ ಮಟ್ಟಿಗೆ ಮಾತ್ರ ನಿವೇಶನಗಳು ಚೂರಾಗದೆ ಉಳಿದವು.

ಬಂದವರ ಭಾಷೆ ಜರ್ಮನ್. ಕಾಲಕ್ರಮದಲ್ಲಿ ಊರೂ ಹೆಚ್ಚುಕಡಿಮೆ ಜರ್ಮನ್ ಊರಾಯಿತು. 1895ರಲ್ಲಿ ಇಲ್ಲಿ ಜರ್ಮನ್ನರು 157, ಜೆಕ್ಕರು 19. ಜೆಕ್ ಜನಪದ ವಾಸ್ತುವಿನ ಮಾದರಿ ಎಂದು ಇಂದು ಕರೆಯುವ ಮನೆಗಳಲ್ಲಿ ಬಹಳಷ್ಟನ್ನು ಕಟ್ಟಿಸಿದವರು ಈ ಜರ್ಮನ್ ಭಾಷೆಯ ಒಕ್ಕಲುಗಳೇ. ಇದನ್ನು ಮರೆಮಾಚಿ ಈ ಊರಿನ ಕಥೆ ಹೇಳುವುದು ಅನ್ಯಾಯ.

ಬಿಟ್ಟಿ ಮುಗಿದ ಮೇಲೆ ಬಂದ ಗಾರೆ

ಜಮೀನುದಾರನಿಗೆ ಒಕ್ಕಲು ಮಾಡಬೇಕಾದ ಬಿಟ್ಟಿ ಕೆಲಸಕ್ಕೆ ಜೆಕ್ ಭಾಷೆಯಲ್ಲಿ ‘ರೊಬೊಟಾ’ ಎಂದು ಹೆಸರು. ಇಂದು ಜಗತ್ತೆಲ್ಲ ಬಳಸುವ ರೋಬೋಟ್ ಎಂಬ ಪದ ಹುಟ್ಟಿದ್ದು ಇದರಿಂದಲೇ. 1775ರ ರೈತ ದಂಗೆಯ ನಂತರ ರಾಣಿ ಮರಿಯಾ ತೆರೇಸಾ ಈ ಬಿಟ್ಟಿಗೆ ವಾರಕ್ಕೆ 3 ದಿನದ ಮಿತಿ ಹಾಕಿದಳು. 1781ರಲ್ಲಿ ಅವಳ ಮಗ ಎರಡನೇ ಜೋಸೆಫ್ ಜೀತದಂಥ ಕಟ್ಟುಪಾಡನ್ನು ತೆಗೆದ. ಒಡೆಯನ ಅಪ್ಪಣೆಯಿಲ್ಲದೆ ಮದುವೆಯಾಗುವ, ಊರು ಬಿಡುವ, ಕಸುಬು ಕಲಿಯುವ ಸ್ವಾತಂತ್ರ್ಯ ಒಕ್ಕಲಿಗೆ ಸಿಕ್ಕಿತು. ಬಿಟ್ಟಿ ಪೂರ್ತಿ ಹೋದದ್ದು 1848ರ ಸೆಪ್ಟೆಂಬರಿನಲ್ಲಿ. ಅದೂ ಪುಕ್ಕಟೆಯಾಗಿ ಅಲ್ಲ. ಬಿಟ್ಟಿ ಮತ್ತು ಗೇಣಿಗೆ ಬೆಲೆ ಕಟ್ಟಿ ಮೂರು ಪಾಲು ಮಾಡಿದರು: ಒಂದು ಪಾಲು ರದ್ದು, ಒಂದನ್ನು ಸರ್ಕಾರದ ಬೊಕ್ಕಸ ಭರಿಸಿತು, ಒಂದನ್ನು ರೈತನೇ 20 ವರ್ಷಗಳ ಕಂತಿನಲ್ಲಿ ತೀರಿಸಬೇಕಾಯಿತು.

ಈ ಇಸವಿಗಳ ಪಕ್ಕದಲ್ಲಿ ಗೋಡೆಗಳ ಮೇಲಿನ ಇಸವಿಗಳನ್ನಿಟ್ಟು ನೋಡಿ. ದುಡಿಮೆ ತನ್ನದಾದ ಕಾಲಕ್ಕೇ ರೈತ ತನ್ನ ಮನೆಯ ಮುಖಕ್ಕೆ ಕೈಹಾಕಿದ್ದಾನೆ. ಅದಕ್ಕೂ ಮೊದಲು ಇಲ್ಲಿನ ಮನೆಗಳು ಹೆಚ್ಚಾಗಿ ಮರದ ದಿಮ್ಮಿಯವು, ಹುಲ್ಲಿನ ಸೂರಿನವು. 18ನೇ ಶತಮಾನದ ಕೊನೆಯಲ್ಲಿ ಬೆಂಕಿ ಭಯಕ್ಕಾಗಿ ಬಂದ ನಿಯಮಗಳು, ಕಾಡಿನ ಮರಕ್ಕೆ ಏರಿದ ಬೆಲೆ, ಸುಲಭವಾಗಿ ಸಿಗುವ ಜೇಡಿ ಇವೆಲ್ಲ ಸೇರಿ ಇಟ್ಟಿಗೆ ಗೋಡೆ, ಹೆಂಚಿನ ಸೂರು ಬಂದವು.

ಈ ಬದಲಾವಣೆಯನ್ನು ಕಣ್ಣಾರೆ ನೋಡಲು ಒಳ್ಳೆಯ ದಾಖಲೆ 1826ರಿಂದ 1843ರ ನಡುವೆ ಬೊಹೀಮಿಯಾದಲ್ಲಿ ನಡೆದ ಭೂಮಾಪನದ ನಕ್ಷೆಗಳು. ಅವುಗಳ ಪ್ರಮಾಣ 1:2880. ನಕ್ಷೆಯ 1 ಸೆಂ.ಮೀ. ಎಂದರೆ ನೆಲದ ಮೇಲೆ 28.8 ಮೀಟರ್. ಹಾಗಾಗಿ ಹೊಲಶೊವಿತ್ಸೆಯ ಬಯಲು ಕಾಗದದ ಮೇಲೆ 7 ಸೆಂ.ಮೀ.ಗಿಂತ ತುಸು ಉದ್ದ, ಎರಡೂವರೆ ಸೆಂ.ಮೀ. ಅಗಲ ಬರುತ್ತದೆ. ಆ ನಕ್ಷೆಗಳಲ್ಲಿ ಮರದ ಕಟ್ಟಡಕ್ಕೆ ಹಳದಿ ಬಣ್ಣ, ಇಟ್ಟಿಗೆ ಕಲ್ಲಿನ ಕಟ್ಟಡಕ್ಕೆ ಕೆಂಪು. ಎಲ್ಲಿ ಯಾವುದು ಸುಡುತ್ತದೆ, ಯಾವುದು ಸುಡುವುದಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಜೆಕ್ ಭೂಮಾಪನ ಇಲಾಖೆಯ ಪತ್ರಾಗಾರ ಈ ಹಾಳೆಗಳನ್ನು ಆನ್‌ಲೈನಿನಲ್ಲಿ ತೆರೆದಿಟ್ಟಿದೆ. ಇಂದಿನ ಉಪಗ್ರಹ ಚಿತ್ರದ ಪಕ್ಕದಲ್ಲಿ ಇಟ್ಟು, ಬಯಲಿನ ನಾಲ್ಕು ಮೂಲೆ ಹೊಂದಿಸಿಕೊಂಡು, ಆಮೇಲೆ ಒಂದೊಂದೇ ನಿವೇಶನ ಎಣಿಸುತ್ತ ಹೋಗಿ. ಇಂದಿನ ಮನೆ ನಂಬರುಗಳಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ. ಬೊಹೀಮಿಯಾದಲ್ಲಿ ಮನೆಗಳಿಗೆ ನಂಬರು ಕೊಡಲು ತೊಡಗಿದ್ದು 1770ರಲ್ಲಿ. ಆಮೇಲೆ ಕಟ್ಟಿದ ಮನೆ ಎಲ್ಲೇ ಇರಲಿ, ಅದಕ್ಕೆ ಸರದಿಯ ಮುಂದಿನ ನಂಬರು. ಅದಕ್ಕೇ ಅಕ್ಕಪಕ್ಕದ ಮನೆಗಳ ನಂಬರುಗಳ ನಡುವೆ ಎಷ್ಟೋ ಅಂತರ ಇರುತ್ತದೆ.

ಒಂದು ಒಕ್ಕಲಿನ ಒಳಗೆ

ಬಯಲಿನಲ್ಲಿ ನಿಂತು ಯಾವುದಾದರೂ ಒಂದು ಒಕ್ಕಲನ್ನು ನೋಡಿದರೆ ಸಾಮಾನ್ಯವಾಗಿ ಎರಡು ತ್ರಿಕೋನ ಮುಖಗಳು ಕಾಣುತ್ತವೆ, ನಡುವೆ ಕಮಾನಿನ ಹೆಬ್ಬಾಗಿಲು. ಇಳಿಜಾರು ಸೂರಿನ ತುದಿಯಲ್ಲಿ ಬರುವ ಈ ತ್ರಿಕೋನ ಗೋಡೆಯೇ ಗೇಬಲ್. ಇವು ಎರಡು ಮನೆಗಳೆಂದು ಹೊಸಬರು ತಿಳಿಯುವುದುಂಟು. ಎರಡೂ ಒಂದೇ ಕುಟುಂಬದವು. ಒಂದರ ಹಿಂದೆ ವಾಸದ ಮನೆ, ಇನ್ನೊಂದರ ಹಿಂದೆ ಕಣಜ ಅಥವಾ ವಯಸ್ಸಾದ ತಂದೆತಾಯಿಯ ಬಿಡಾರ.

ಈ ಬಿಡಾರಕ್ಕೆ ‘ವೀಮ್ನ್ಯೆನೆಕ್’ ಎನ್ನುತ್ತಾರೆ. ಮಗನಿಗೆ ಒಕ್ಕಲು ಬಿಟ್ಟುಕೊಡುವಾಗ ಅಪ್ಪ ಒಂದು ಕರಾರು ಬರೆಸುತ್ತಿದ್ದ. ತಾನು ಸಾಯುವವರೆಗೆ ಇರಲು ಕೋಣೆ, ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಮೊಟ್ಟೆ, ಕಟ್ಟಿಗೆ. ಬಾಯಿಮಾತಿಗೆ ಬಿಟ್ಟರೆ ಸೊಸೆ ಬಂದ ಮೇಲೆ ಜಗಳ ಖಚಿತ ಎಂದು ಗೊತ್ತಿದ್ದವರು ಅದನ್ನು ಭೂಮಿಯ ದಾಖಲೆಯಲ್ಲೇ ಸೇರಿಸಿಬಿಡುತ್ತಿದ್ದರು.

ಹೆಬ್ಬಾಗಿಲಲ್ಲೂ ಎರಡು ಭಾಗ. ಹುಲ್ಲು ಹೇರಿದ ಬಂಡಿ ಹೋಗುವಷ್ಟು ದೊಡ್ಡ ಕಮಾನು ಒಂದು, ಜನ ಓಡಾಡುವ ಸಣ್ಣ ಬಾಗಿಲು ಇನ್ನೊಂದು. ಒಳಗೆ ಅಂಗಳ. ವಾಸದ ಮನೆಯ ಬಾಗಿಲು ಇರುವುದು ಅಂಗಳದ ಕಡೆಗೆ. ಬಯಲಿನ ಕಡೆಗೆ ಕಿಟಕಿ ಮಾತ್ರ. ಬಯಲಿಗೆ ಹತ್ತಿರದಲ್ಲಿ ಒಲೆಯಿರುವ ದೊಡ್ಡ ಕೋಣೆ, ಅದರ ಹಿಂದೆ ಪಡಸಾಲೆ ಮತ್ತು ಹೊಗೆಗೂಡಿನ ಅಡುಗೆಮನೆ, ಅದಕ್ಕೂ ಹಿಂದೆ ಉಗ್ರಾಣ, ಕೊನೆಗೆ ಅದೇ ಸೂರಿನ ಕೆಳಗೆ ಕೊಟ್ಟಿಗೆ. ಅಂಗಳದ ಹಿಂಬದಿಯನ್ನು ಅಡ್ಡಲಾಗಿ ಮುಚ್ಚುವುದು ಒಕ್ಕಣೆಯ ಕೊಟ್ಟಡಿ. ಅದರ ಆಚೆ ಹಣ್ಣಿನ ಹಿತ್ತಿಲು, ಹಿತ್ತಿಲಿನ ಆಚೆ ಹೊಲ. ಧಾನ್ಯ ಹಿಂದಿನಿಂದ ಬಂದು, ಕೊಟ್ಟಡಿಯಲ್ಲಿ ಬಡಿದು, ಕಣಜ ಸೇರುತ್ತದೆ. ಬೇಗ ಹೊತ್ತಿಕೊಳ್ಳುವ ಒಣಹುಲ್ಲು ಒಲೆಯಿಂದ ಆದಷ್ಟು ದೂರ ಉಳಿಯುತ್ತದೆ. ಇಷ್ಟೆಲ್ಲವೂ ಬಯಲಿನಿಂದ ಹಿಂದಕ್ಕೆ ಓಡುವ ಒಂದೇ ಉದ್ದ ಪಟ್ಟಿಯೊಳಗೆ ಕೂಡಿಸಿದ್ದು.

ಆ ಗೇಬಲ್ ಅನ್ನು ಹತ್ತಿರದಿಂದ

ಈ ಶೈಲಿಗೆ ‘ಸೆಲ್ಸ್ಕೆ ಬರೊಕೊ’, ಅಂದರೆ ರೈತರ ಬರೋಕ್ ಎಂದು ಹೆಸರು. ಬರೋಕ್ ಎಂಬುದು 17 ಮತ್ತು 18ನೇ ಶತಮಾನಗಳಲ್ಲಿ ಚರ್ಚು, ಮಠ, ಅರಮನೆಗಳಿಗೆ ಸೇರಿದ್ದ ಶೈಲಿ. ಬಳುಕುವ ಅಂಚು, ಸುರುಳಿ, ದಪ್ಪ ಪಟ್ಟಿಗಳು ಅದರ ಗುರುತು. ಪಟ್ಟಣಗಳು ಅದನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೆ ದಕ್ಷಿಣ ಬೊಹೀಮಿಯಾದ ಹಳ್ಳಿಯ ಗಾರೆ ಕೆಲಸದವರು ಅದನ್ನು ತಮ್ಮದಾಗಿಸಿಕೊಂಡರು. ತಡವಾಗಿ ಬಂದ ನಕಲು ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅದು ತಪ್ಪು. ಚರ್ಚಿನ ಮುಖದಲ್ಲಿ ಹತ್ತಾರು ಮೀಟರ್ ಎತ್ತರಕ್ಕೆ ಹರಡಿದ್ದ ಆಟವನ್ನು ಒಂದು ಕಣಜದ ಗೋಡೆಯ ಅಳತೆಗೆ ಇಳಿಸಿ, ಕಣ್ಣಿಗೆ ಹಿತವಾಗುವಂತೆ ಕೂರಿಸುವುದಕ್ಕೆ ನಿಜವಾದ ಕಸಬುದಾರಿಕೆ ಬೇಕು.

ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗೋಣ. ಕೆಳಗೆ ಎರಡೋ ಮೂರೋ ಕಿಟಕಿ, ಸುತ್ತ ಗಾರೆಯ ಚೌಕಟ್ಟು. ಅವುಗಳ ಮೇಲೆ ಗೋಡೆಯ ಪೂರ್ತಿ ಅಗಲಕ್ಕೆ ಹೊರಚಾಚಿದ ಪಟ್ಟಿ. ಪಟ್ಟಿಯ ಮೇಲೆ ಅಟ್ಟಕ್ಕೆ ಗಾಳಿ ಆಡಲು ಸಣ್ಣ ಕಿಂಡಿಗಳು, ಕೆಲವೊಮ್ಮೆ ಸಂತನ ಮೂರ್ತಿಗೆ ಒಂದು ಗೂಡು. ಅಕ್ಕಪಕ್ಕದಲ್ಲಿ ಬಳ್ಳಿ, ಅರ್ಧಚಂದ್ರ, ನಕ್ಷತ್ರ. ಮೇಲೆ ಇಸವಿ. ತುದಿಯ ಬಳುಕಿನ ಉದ್ದಕ್ಕೂ ಹೆಂಚಿನ ಹೊದಿಕೆ. ಈ ಹೆಂಚಿನ ಸಾಲು ಅಂದಕ್ಕಷ್ಟೇ ಹಾಕಿದ್ದಲ್ಲ. ಗೇಬಲ್‌ನ ನೆತ್ತಿಯಿಂದ ಒಳಗಿಳಿದ ನೀರು ಇಡೀ ಗೋಡೆಯನ್ನು ಒಳಗಿನಿಂದ ಕೆಡಿಸುತ್ತದೆ. ಒಂದು ಹೆಂಚು ಜಾರಿದರೂ ಅದೇ ವರ್ಷ ಸರಿಮಾಡಬೇಕು.

ಹೊರಚಾಚಿದ ಪಟ್ಟಿಗಳನ್ನು ಕೈಯಲ್ಲಿ ಕೆತ್ತುವುದಿಲ್ಲ. ಬೇಕಾದ ಆಕಾರವನ್ನು ಹಲಗೆ ಅಥವಾ ತಗಡಿನಲ್ಲಿ ಕತ್ತರಿಸಿಕೊಂಡು, ಗೋಡೆಗೆ ಹೊಡೆದ ಮರದ ಪಟ್ಟಿಯ ಆಸರೆಯಲ್ಲಿ ಹಸಿ ಗಾರೆಯ ಮೇಲೆ ಎಳೆಯುತ್ತಾರೆ. ತುಸು ಗಟ್ಟಿಯಾದ ಮೇಲೆ ಮತ್ತೆ ಗಾರೆ ತುಂಬಿ ಮತ್ತೆ ಎಳೆಯುತ್ತಾರೆ. ಒಂದೇ ಸಲಕ್ಕೆ ದಪ್ಪ ತುಂಬಿದರೆ ತನ್ನ ಭಾರಕ್ಕೇ ಜೋತುಬೀಳುತ್ತದೆ.

ಗಾರೆ ಎಂದರೆ ಅರಳಿದ ಸುಣ್ಣ ಮತ್ತು ಮರಳು, ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತೇವವೂ ಬೇಕು, ವಾರಗಟ್ಟಲೆ ಸಮಯವೂ ಬೇಕು. ಬಿಸಿಲಿಗೆ ಬೇಗ ಒಣಗಿದರೆ ಪುಡಿಪುಡಿಯಾಗುತ್ತದೆ. ಗಟ್ಟಿಯಾಗುವ ಮೊದಲೇ ಹಿಮಗಟ್ಟಿದರೆ ಪದರಪದರವಾಗಿ ಎದ್ದುಬರುತ್ತದೆ. ಆದ್ದರಿಂದ ಉಷ್ಣತೆ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಈ ಕೆಲಸ ಮುಟ್ಟುವುದಿಲ್ಲ. ಶರತ್ಕಾಲದ ಮೊದಲ ಹಿಮ ಬೀಳಲು ಇನ್ನೂ ಹಲವು ವಾರ ಇರುವಾಗಲೇ ಮುಗಿಸಿರಬೇಕು. ಬಣ್ಣಕ್ಕೂ ಸುಣ್ಣದ ನೀರೇ, ಅದಕ್ಕೆ ಕಾವಿಯಂಥ ಮಣ್ಣಿನ ಬಣ್ಣಗಳು. ಸುಣ್ಣದ ಕ್ಷಾರಕ್ಕೆ ತಡೆಯದ ಬಣ್ಣ ಬೇಗನೆ ಕಳೆಗುಂದುತ್ತದೆ.

ಖಾಲಿ ಮನೆಗಳ ಕಾಲ

ಎರಡನೇ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾದಿಂದ ಸುಮಾರು 30 ಲಕ್ಷ ಜರ್ಮನ್ನರನ್ನು ಹೊರಹಾಕಲಾಯಿತು. ಹೊಲಶೊವಿತ್ಸೆಯಲ್ಲೂ ಹಲವು ಒಕ್ಕಲುಗಳು ಬರಿದಾದವು. ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ 1949ರ ಕಾನೂನಿನ ಅಡಿಯಲ್ಲಿ ಸಹಕಾರಿ ಬೇಸಾಯ ಶುರುವಾಗಿ, ದೇಶದುದ್ದಕ್ಕೂ ಹೊಲಗಳ ನಡುವಿನ ಬದುಗಳು ಅಳಿಸಿಹೋದವು. ಬೇರೆ ಹಳ್ಳಿಗಳಲ್ಲಿ ಹಳೆಯ ಮನೆ ಕೆಡವಿ ಚೌಕಾಕಾರದ ಸಿಮೆಂಟ್ ಮನೆಗಳು ಎದ್ದ ಕಾಲ ಅದು. ಇಲ್ಲಿ ಕಟ್ಟಿಸಲು ಜನರೇ ಇರಲಿಲ್ಲ. ಸೂರು ಸೋರಿತು, ಗಾರೆ ಉದುರಿತು, ಆದರೆ ಯಾರೂ ಅಳತೆ ಮೀರಿದ ಕಟ್ಟಡ ತಂದು ನಡುವೆ ನಿಲ್ಲಿಸಲಿಲ್ಲ. ಪ್ಲೇಗಿನ ಹಾಗೆಯೇ ಈ ದುರಂತವೂ ಜನರನ್ನು ಕಿತ್ತುಕೊಂಡು ನಕ್ಷೆಯನ್ನು ಬಿಟ್ಟುಹೋಯಿತು.

1990ರಿಂದ ಮನೆಗಳಲ್ಲಿ ಮತ್ತೆ ದೀಪ ಹತ್ತಿತು. 1995ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಹಳ್ಳಿಯೆಂದು ಘೋಷಿಸಿತು. 1998ರಲ್ಲಿ ಕ್ಯೋಟೋದಲ್ಲಿ ನಡೆದ ಸಭೆಯಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಮನೆಯ ಯಜಮಾನ ಕಿಟಕಿ ಬದಲಿಸಬೇಕಾದರೂ ಮೊದಲು ಆಡಳಿತ ಕಚೇರಿಗೆ ಅರ್ಜಿ ಹಾಕಬೇಕು. ಕಚೇರಿ ರಾಷ್ಟ್ರೀಯ ಪರಂಪರೆ ಸಂಸ್ಥೆಯ ಲಿಖಿತ ಅಭಿಪ್ರಾಯ ತರಿಸಿಕೊಂಡು ತನ್ನ ನಿರ್ಣಯ ಕೊಡುತ್ತದೆ. ಆ ನಿರ್ಣಯಕ್ಕೆ ಮಾಲೀಕ ಬದ್ಧನಾಗಿರಬೇಕು. ಕೆಲಸ ಶುರುಮಾಡಿದ ಮೇಲೆ ಅರ್ಜಿ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ಸಿಮೆಂಟೇ ಉತ್ತರ. ಈ ಹಳೆಯ ಗೋಡೆಗಳ ತಳದಲ್ಲಿ ತೇವ ತಡೆಯುವ ಪದರ ಇಲ್ಲ. ನೆಲದ ನೀರು ಇಟ್ಟಿಗೆಯೊಳಗೆ ಸ್ವಲ್ಪ ಮೇಲೇರುತ್ತದೆ, ಸುಣ್ಣದ ಗಾರೆಯ ಮೂಲಕ ಹೊರಗೆ ಆರಿಹೋಗುತ್ತದೆ. ಅದೇ ಗೋಡೆಗೆ ಸಿಮೆಂಟ್ ಬಳಿದರೆ ನೀರಿಗೆ ಹೊರದಾರಿ ಮುಚ್ಚಿಹೋಗಿ ಅದು ಇನ್ನೂ ಮೇಲೇರುತ್ತದೆ. ಜೊತೆಗೆ ಬಂದ ಲವಣ ಗಾರೆಯ ಹಿಂದೆ ಹರಳುಗಟ್ಟುತ್ತದೆ. ಚಳಿಗಾಲದಲ್ಲಿ ನೀರು ಹಿಮವಾಗುವಾಗ ಸುಮಾರು 9 ಪ್ರತಿಶತ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಸೀಳುತ್ತದೆ. ಕೊನೆಗೆ ಬಳ್ಳಿ, ಇಸವಿ, ಚೌಕಟ್ಟು ಎಲ್ಲ ಒಂದು ದೊಡ್ಡ ಚಕ್ಕೆಯಾಗಿ ಕಳಚಿಬೀಳುತ್ತದೆ. ಪ್ಲಾಸ್ಟಿಕ್ ಅಂಶವಿರುವ ಬಣ್ಣ ಬಳಿದರೂ, ಗೋಡೆಯ ಬುಡದವರೆಗೆ ಡಾಂಬರು ಹಾಕಿದರೂ ಇದೇ ಗತಿ. ಪರಿಹಾರಕ್ಕೆ ತಾಳ್ಮೆ ಬೇಕು: ಸಿಮೆಂಟ್ ಕಿತ್ತು, ಸಂದುಗಳನ್ನು ಕೆರೆದು, ಗೋಡೆ ಆರಲು ಬಿಟ್ಟು, ಬುಡದ ಮಣ್ಣಿನ ಮಟ್ಟ ತಗ್ಗಿಸಿ, ಆಮೇಲೆ ಸುಣ್ಣದ ಗಾರೆ.

ಹೋಗುವವರಿಗೆ ಒಂದು ಮಾತು. ಜುಲೈ ಕೊನೆಗೆ ಇಲ್ಲಿ ರೈತರ ಉತ್ಸವ ನಡೆಯುತ್ತದೆ, ಕುಂಬಾರರು, ಬುಟ್ಟಿ ಹೆಣೆಯುವವರು, ಕಮ್ಮಾರರು ಬಯಲು ತುಂಬ ಅಂಗಡಿ ಹೂಡುತ್ತಾರೆ. ಕಸುಬು ನೋಡಲು ಆಗ ಹೋಗಿ. ಊರು ನೋಡಬೇಕಾದರೆ ಬೇರೆ ದಿನ, ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ಹೋಗಿ. ನಡುಹಗಲಿನಲ್ಲಿ ಚಪ್ಪಟೆಯಾಗಿ ಕಾಣುವ ಗಾರೆಯ ಬಳ್ಳಿಗಳು ಓರೆ ಬೆಳಕಿನಲ್ಲಿ ಗೋಡೆಯಿಂದ ಎದ್ದು ನಿಲ್ಲುತ್ತವೆ. ಕೆರೆಯ ಪಕ್ಕದಲ್ಲಿ ನಿಂತು ಎರಡೂ ಸಾಲು ನೋಡಿಯಾದ ಮೇಲೆ ಮನೆಗಳ ಹಿಂಭಾಗದ ದಾರಿ ಹಿಡಿಯಿರಿ. ಬಣ್ಣವಿಲ್ಲದ ಕೊಟ್ಟಡಿಗಳ ಬೆನ್ನು, ಹಿತ್ತಿಲಿನ ಸೇಬು ಮರ, ಅಲ್ಲಿಂದ ಬೆಟ್ಟದ ಕಡೆಗೆ ಏರುವ ಹೊಲ, ದಕ್ಷಿಣದಲ್ಲಿ ಕ್ಲೆತ್. ಪ್ಲೇಗಿನಲ್ಲಿ ಉಳಿದ ಆ ಇಬ್ಬರು ನೋಡುತ್ತಿದ್ದ ಊರಿನ ಆಕಾರ ಇದೇ.